ಗೆಳೆಯನಿಗೊಂದು ಪತ್ರ: ಆ ಗುಲಾಬಿ ಬಳ್ಳಿ ಕೀಳಬೇಡ

ಗೆಳೆಯಾ,

ಗುಲಾಬಿ ಬಳ್ಳಿ ಕಿತ್ತು ಅಲ್ಲಿ ಮಲ್ಲಿಗೆ ಹಾಕುತ್ತೇನೆ ಅಂತ ಬರೆದಿದ್ದೀಯ. ದಯವಿಟ್ಟು ಬೇಡ. ನವರಾತ್ರಿಗೆ ಬಂದಾಗ ಬುಡದ ದಪ್ಪ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದ್ದೆ. ತೊಗಟೆಯ ಕೆಳಗೆ ಹಸಿರಿತ್ತು. ಗಿಡಕ್ಕೆ ಜೀವ ಇದೆ. ನಿಮ್ಮಮ್ಮ ಇದ್ದಾಗ ಅದರ ಹೂವು ತುಳಸಿಕಟ್ಟೆಗೂ ಆಗಿ ಅಕ್ಕಪಕ್ಕದವರಿಗೂ ಮಿಗುತ್ತಿತ್ತಲ್ಲ, ಅಷ್ಟು ಹೂವು ಮತ್ತೆ ಬರಬಹುದು ಅಂತಲೇ ನನ್ನ ನಂಬಿಕೆ.

ಅದನ್ನು ಕಾಡುತ್ತಿರುವುದು ನೀರು. ಬಳ್ಳಿ ಇರುವುದು ಸೂರಿನ ಕೆಳಗೆ, ಹೆಂಚಿನ ನೀರೆಲ್ಲ ಬುಡಕ್ಕೇ ಬೀಳುತ್ತದೆ. ಶಿವಮೊಗ್ಗದಲ್ಲಾದರೆ ತಡೆದುಕೊಳ್ಳುತ್ತಿತ್ತೇನೋ. ನೀನಿರುವುದು ತೀರ್ಥಹಳ್ಳಿಯಿಂದಾಚೆ, ವರ್ಷಕ್ಕೆ ಮಳೆ 7,000 ಮಿ.ಮೀ. ದಾಟುವ ಆಗುಂಬೆಯ ಪಕ್ಕ! ಮೊದಲು ಸೂರಿಗೊಂದು ನೀರು ಹರಿಯುವ ದೋಣಿ ಹಾಕಿಸು. ಬುಡದಿಂದ ಅಂಗಳದ ಚರಂಡಿಗೆ ಸಣ್ಣ ಕಾಲುವೆ ತೆಗೆ. ಬೇರು ಉಸಿರಾಡದೆ ಮೇಲೆ ಏನು ಸುರಿದರೂ ದಂಡ.

ಎಲೆಯ ಮೇಲಿನ ಕಪ್ಪು ಚುಕ್ಕೆಯೂ ನೀರಿನದೇ ಕತೆ. ಎಲೆ ಏಳೆಂಟು ತಾಸು ಒದ್ದೆಯಾಗಿದ್ದರೆ ಸಾಕು, ಆ ಶಿಲೀಂಧ್ರ ಒಳಗೆ ಇಳಿದುಬಿಡುತ್ತದೆ. ನಮ್ಮ ಆಷಾಢದಲ್ಲಿ ಎಲೆ ಒಣಗುವುದೇ ಯಾವಾಗ ಹೇಳು? ಉದುರಿದ ಎಲೆಯನ್ನು ಗೊಬ್ಬರಗುಂಡಿಗೆ ಹಾಕಬೇಡ, ಬಚ್ಚಲೊಲೆಗೆ ಹಾಕು.

ಮಳೆ ಪೂರ್ತಿ ನಿಂತ ಮೇಲೆ ಕತ್ತರಿ ಹಿಡಿ. ಒಣಗಿದ ಕೊಂಬೆಯನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಕೆಳಗೆ ಬಾ. ಕತ್ತರಿಸಿದ ಜಾಗದಲ್ಲಿ ನಡುವಿನ ತಿರುಳು ಕಂದಾಗಿದ್ದರೆ ಇನ್ನೂ ಕೆಳಗೆ ಹೋಗು. ಬಿಳಿ ತಿರುಳು ಕಂಡಲ್ಲಿ ನಿಲ್ಲಿಸು. ಕಸಿ ಕಟ್ಟಿದ ಗಂಟಿನ ಕೆಳಗಿಂದ ಎರಡು ಉದ್ದ ಚಿಗುರು ಹೊರಟಿವೆ, ನೋಡಿದ್ದೀಯಾ? ಅವು ಗುಲಾಬಿಯನ್ನು ಕಸಿ ಕಟ್ಟಿದ ಕೆಳಗಿನ ಬೇರುಗಿಡದವು. ಸೊಂಪಾಗಿವೆ ಅಂತ ಬಿಟ್ಟರೆ ಮೇಲಿನ ಗುಲಾಬಿಯ ಪಾಲನ್ನೆಲ್ಲ ಅವೇ ತಿನ್ನುತ್ತವೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಸೀಳಿ ತೆಗೆ. ಮೇಲೆ ಕತ್ತರಿಸಿದರೆ ಇನ್ನೂ ನಾಲ್ಕು ಬರುತ್ತವೆ.

ಇನ್ನು ಮುಖ್ಯ ವಿಷಯ. ನಿನ್ನ ಬಳ್ಳಿ ನೆಟ್ಟಗೆ ಸೂರಿಗೆ ಹೋಗಿ ತುದಿಯಲ್ಲಿ ಮಾತ್ರ ನಾಲ್ಕು ಹೂ ಬಿಡುತ್ತಿದೆ, ಅಲ್ವಾ? ತುದಿಯ ಮೊಗ್ಗಿನಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು, ಅಂದರೆ ಚಿಗುರು ಒಡೆಯುವ ಗಂಟುಗಳನ್ನು, ತಡೆದು ಹಿಡಿಯುತ್ತದೆ. ಕೊಂಬೆಯನ್ನು ಅಡ್ಡಕ್ಕೆ ಬಾಗಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಉದ್ದಕ್ಕೂ ಕಣ್ಣೊಡೆದು ಪಕ್ಕದ ಚಿಗುರು ಬರುತ್ತದೆ, ಹೂವು ಬಿಡುವುದೇ ಆ ಚಿಗುರಿನಲ್ಲಿ. ಅದಕ್ಕೇ ಗಟ್ಟಿಯಾದ ನಾಲ್ಕೈದು ಉದ್ದ ಕೊಂಬೆ ಇಟ್ಟುಕೋ, ಅವನ್ನು ಮೊಟಕು ಮಾಡಬೇಡ. ಪಕ್ಕದ ಹಳೆಯ ಚಿಗುರುಗಳನ್ನು ಮಾತ್ರ ಎರಡು ಮೂರು ಕಣ್ಣು ಉಳಿಸಿ ಸವರು. ಗೋಡೆಯಿಂದ ಒಂದು ಗೇಣು ಬಿಟ್ಟು ಅಡಿಕೆ ದಬ್ಬೆಯ ಚಪ್ಪರ ಕಟ್ಟು, ಹಿಂದೆ ಗಾಳಿ ಆಡಬೇಕು. ಕೊಂಬೆಯನ್ನು ಬೀಸಣಿಗೆಯ ಹಾಗೆ ಹರಡಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟು. ಹಳೇ ಕೊಂಬೆ ಒಂದೇ ಸಲ ಬಾಗುವುದಿಲ್ಲ. ಇವತ್ತಿಷ್ಟು, ಮುಂದಿನ ವಾರ ಇನ್ನಷ್ಟು.

ಕಪ್ಪು ಚುಕ್ಕೆಗೆ ಔಷಧಿ ನಿನ್ನ ತೋಟದಲ್ಲೇ ಇದೆ: ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದಾಗ ನೂರು ವರ್ಷಕ್ಕೂ ಹಿಂದೆ ನಮ್ಮ ಅಡಿಕೆ ತೋಟಗಳಿಗೆ ಹೇಳಿಕೊಟ್ಟ ಮದ್ದು ಅದು. ಒಂದು ಗಿಡಕ್ಕೆ ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ ಸಾಕು. ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿ. ಹೊಳೆಯುವ ಚಾಕು ಅದ್ದಿ ನೋಡು. ಕೆಂಪು ಕೂತರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಅವತ್ತೇ ಬಳಸು. ಸವರಿದ ಬೋಳು ಕೊಂಬೆಗೆ ಮಾತ್ರ ಹೊಡಿ, ಎಳೆ ಎಲೆಗೆ ಬಿದ್ದರೆ ಸುಟ್ಟ ಹಾಗಾಗುತ್ತದೆ.

ಗೊಬ್ಬರಕ್ಕೆ ಅವಸರ ಬೇಡ. ಕೆಂಪು ಚಿಗುರು ಕಂಡ ಮೇಲೆ ಹಳೇ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ. ನಮ್ಮ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ, ಬುಡದಿಂದ ದೂರಕ್ಕೆ ಸ್ವಲ್ಪ ಬೂದಿಯನ್ನೂ ಉದುರಿಸು. ಯೂರಿಯಾ ಬೇಡವೇ ಬೇಡ, ಸುಮ್ನೆ ಎಲೆ ಜಾಸ್ತಿಯಾಗುತ್ತದೆ. ಸವರಿದ ಆರೇಳು ವಾರಕ್ಕೆ ಮೊದಲ ಹೂವು ನೋಡಬಹುದು, ಆದರೆ ಚಪ್ಪರ ತುಂಬಲು ಇನ್ನೊಂದು ವರ್ಷ ಕೊಡು.

ಬಾಗಿಸುವ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರು ಹಿಡಿಯಲು, ಒಬ್ಬರು ಕಟ್ಟಲು. ದೀಪಾವಳಿಗೆ ಬರುತ್ತೇನೆ. ಅಷ್ಟರಲ್ಲಿ ದಬ್ಬೆ ಸೀಳಿಸಿ ಇಟ್ಟಿರು, ದಪ್ಪ ಕೈಗವಸು ನಾನೇ ತರುತ್ತೇನೆ.

ನಿನ್ನ ಗೆಳೆಯ