ಮತ್ತೆ ಬೈಕ್ ಏರುವವರು ಸಿಸಿ ಕೇಳುವ ಮುಂಚೆ ತೂಕ ಕೇಳಲಿ

ಮಾನ್ಯ ಸಂಪಾದಕರೇ,

ಮಕ್ಕಳ ಓದು, ಮನೆ ಸಾಲ ಎಲ್ಲ ಒಂದು ಹದಕ್ಕೆ ಬಂದ ಮೇಲೆ, ಹದಿನೈದು–ಇಪ್ಪತ್ತು ವರ್ಷ ಕಾರು, ಸ್ಕೂಟರ್‌ನಲ್ಲೇ ಓಡಾಡಿದವರು ಮತ್ತೆ ಬೈಕ್ ಷೋರೂಮಿನ ಮೆಟ್ಟಿಲು ಹತ್ತುತ್ತಾರೆ. ಅವರಲ್ಲಿ ಬಹಳ ಮಂದಿಯ ಕಣ್ಣು ಕ್ರೂಸರ್ ಮೇಲೆ. ತಗ್ಗಿನ ಸೀಟು, ಅಗಲ ಹ್ಯಾಂಡಲ್, ಗಂಭೀರ ಸದ್ದು. ಆಸೆಯಲ್ಲಿ ತಪ್ಪಿಲ್ಲ. ಆದರೆ ಒಳಗೆ ಹೋದ ಕೂಡಲೇ ಕೇಳುವುದು ‘ಎಷ್ಟು ಸಿಸಿ?’ ಅಂತ. ಕೇಳಬೇಕಾದ್ದು ‘ಎಷ್ಟು ಕೆ.ಜಿ.? ಫುಟ್‌ರೆಸ್ಟ್ ಎಲ್ಲಿದೆ?’

ಈ ವಯಸ್ಸಿನವರು ಕಾಲೇಜು ದಿನಗಳಲ್ಲಿ ಓಡಿಸಿದ ಆರ್‌ಎಕ್ಸ್ 100, ಹೀರೊ ಹೋಂಡಾ ಸ್ಪ್ಲೆಂಡರ್ ತೂಗುತ್ತಿದ್ದುದು ನೂರು–ನೂರಾ ಹತ್ತು ಕೆ.ಜಿ. ಆಸುಪಾಸು. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಪೆಟ್ರೋಲು ಸೇರಿ 191 ಕೆ.ಜಿ., ಸೂಪರ್ ಮೀಟಿಯರ್ 650 ಬರೋಬ್ಬರಿ 241, ಬಜಾಜ್ ಅವೆಂಜರ್ 220 ಕ್ರೂಸ್ 163. ಓಡುವಾಗ ಈ ತೂಕ ಗೊತ್ತೇ ಆಗುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಆಟೊ, ಕೈಗಾಡಿಗಳ ನಡುವೆ ನಿಂತು ನಿಂತು ಹೋಗುವಾಗ ಗೊತ್ತಾಗುತ್ತದೆ. ಮರಳಿ ಬಂದವರು ಗಾಡಿ ಕೆಡವುವುದು ಹೆಚ್ಚಾಗಿ ನಡೆದಾಡುವ ವೇಗದಲ್ಲಿ. ಹ್ಯಾಂಡಲ್ ಪೂರ್ತಿ ತಿರುಗಿರುತ್ತದೆ, ಯಾರೋ ಅಡ್ಡ ಬಂದರೆಂದು ಮುಂದಿನ ಬ್ರೇಕ್ ಹಿಡಿಯುತ್ತಾರೆ, ಗಾಡಿ ತಿರುವಿನ ಒಳಗಡೆಗೆ ವಾಲುತ್ತದೆ, ಕಾಲು ಇಟ್ಟಲ್ಲಿ ಉಸುಕು. 191 ಕೆ.ಜಿ. ವಾಲಿದ ಮೇಲೆ ಒಂದು ಕಾಲಿಗೆ ತಡೆಯುವುದಿಲ್ಲ. ಹಟಕ್ಕೆ ತಡೆಯಲು ಹೋದರೆ ಮೊಣಕಾಲು ತಿರುಚುತ್ತದೆ. ಬಿಟ್ಟು ಸರಿಯುವುದೇ ಲೇಸು. ಲೆಗ್ ಗಾರ್ಡ್ ಹಾಕಿಸುವುದು ಅದಕ್ಕೇ, ಚೆಂದಕ್ಕಲ್ಲ.

ಸೀಟಿನ ಎತ್ತರದಲ್ಲಿ ಕ್ರೂಸರ್‌ಗೆ ಎದುರಿಲ್ಲ. ಮೀಟಿಯರ್ 350ರದು 765 ಮಿ.ಮೀ., ಸೂಪರ್ ಮೀಟಿಯರ್ 740, ಅವೆಂಜರ್ 737. ಐದು ಅಡಿ ನಾಲ್ಕು ಇಂಚಿನವರಿಗೂ ಎರಡೂ ಪಾದ ನೆಲಕ್ಕೆ ಸಿಗುತ್ತವೆ, ಧೈರ್ಯ ಬರುತ್ತದೆ. ಆದರೆ ಸೀಟು ತಗ್ಗಿದಷ್ಟೂ ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಮೇಲೆ–ಕೆಳಗೆ ಆಡಲು ಜಾಗ ಕಡಿಮೆ. ಸಾದಾ ಬೈಕಿನಲ್ಲಿ ತಗ್ಗು ಬಂದರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ನಾಲ್ಕು ಬೆರಳು ಏಳಬಹುದು. ಕಾಲು ಮುಂದೆ ಚಾಚಿ ಕೂತಾಗ ಅದು ಆಗದ ಮಾತು, ಹೊಡೆತ ನೇರವಾಗಿ ಬೆನ್ನುಮೂಳೆಯ ಬುಡಕ್ಕೆ. ಸೊಂಟದ ಡಿಸ್ಕ್ ತೊಂದರೆ ಇದ್ದವರು ಕ್ರೂಸರ್ ಆಸೆ ಬಿಟ್ಟು, ಹೋಂಡಾ ಹೈನೆಸ್ ಸಿಬಿ350 ತರಹದ ನೆಟ್ಟಗೆ ಕೂರುವ ಗಾಡಿ ನೋಡುವುದು ಒಳ್ಳೆಯದು. ಅದರ ತೂಕ 181 ಕೆ.ಜಿ., ಕ್ಲಚ್ ಹಗುರ. ಸೀಟು ಮಾತ್ರ 800 ಮಿ.ಮೀ., ಕುಳ್ಳಗಿದ್ದವರು ಕೂತು ನೋಡಿಯೇ ತೀರ್ಮಾನಿಸಬೇಕು. ಕ್ರೂಸರೇ ಬೇಕೆಂದರೆ ಫುಟ್‌ರೆಸ್ಟ್ ತೀರಾ ಮುಂದಿಲ್ಲದ ಮೀಟಿಯರ್ 350 ನಮ್ಮ ರಸ್ತೆಗೆ ಹೆಚ್ಚು ಹೊಂದುತ್ತದೆ.

ಇನ್ನು ಹಂಪ್‌ಗಳ ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಓಣಿಗಳಲ್ಲಿ ರಾತ್ರೋರಾತ್ರಿ ಏಳುವ ದಿಬ್ಬಗಳಿಗೆ ಆ ಲೆಕ್ಕ ಯಾರೂ ಹೇಳಿಲ್ಲ. ಸೂಪರ್ ಮೀಟಿಯರ್‌ನ ಹೊಟ್ಟೆಯಡಿ ಇರುವ ಜಾಗ 135 ಮಿ.ಮೀ., ಎರಡು ಚಕ್ರಗಳ ನಡುವೆ 1500 ಮಿ.ಮೀ.; ಹಿಂದೊಬ್ಬರು ಕೂತರೆ ಅಂಥ ದಿಬ್ಬದಲ್ಲಿ ತಳ ಉಜ್ಜುತ್ತದೆ. ಮೀಟಿಯರ್ 350ರಲ್ಲಿ 170 ಮಿ.ಮೀ. ಇರುವುದರಿಂದ ಚಿಂತೆ ಕಡಿಮೆ. ಜೋಡಿಯಾಗಿ ಹೋಗುವ ದಿನ ಹಿಂದಿನ ಶಾಕ್‌ಗಳ ಸ್ಪ್ರಿಂಗ್ ಎರಡು ಮೆಟ್ಟಿಲು ಬಿಗಿ ಮಾಡಿಕೊಳ್ಳಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆದಂತೆ ಆಗುತ್ತದೆ.

ಷೋರೂಮಿನಲ್ಲಿ ಎಂಜಿನ್ ಚಾಲೂ ಮಾಡುವ ಮೊದಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿದ್ದ ಗಾಡಿಯನ್ನು ಕೂತಲ್ಲೇ ಹತ್ತು ಸಲ ನೆಟ್ಟಗೆ ಎತ್ತಿ. ಹತ್ತನೆಯ ಸಲಕ್ಕೆ ತೊಡೆ ನಡುಗಿದರೆ ಆ ಗಾಡಿ ನಿಮಗಲ್ಲ. ಇಳಿದು, ಎಡಗಡೆ ನಿಂತು, ಕೈಯಿಂದ ತಳ್ಳುತ್ತ ಒಂದು ಎಂಟು ಹಾಕಿ. ಮತ್ತೆ ಕೂತು ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಡಗೈ ಕ್ಲಚ್‌ಗೆ ಸಲೀಸಾಗಿ ಎಟುಕಬೇಕು. ಭುಜ ಚಾಚಬೇಕಾಗಿ ಬಂದರೆ ಯು–ಟರ್ನ್‌ನಲ್ಲಿ ಕ್ಲಚ್ ಕೈ ತಪ್ಪುತ್ತದೆ. ಕ್ಲಚ್ಚನ್ನು ಐವತ್ತು ಸಲ ಹಿಡಿದು ಬಿಡಿ. ಚಿಗರಿ ಬಸ್ಸಿನ ಕಾರಿಡಾರ್ ಪಕ್ಕದ ರಸ್ತೆಯಲ್ಲಿ ಸಂಜೆ ಉಣಕಲ್‌ನಿಂದ ಚೆನ್ನಮ್ಮ ಸರ್ಕಲ್ ಮುಟ್ಟುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಸಲ ಹಿಡಿಯಬೇಕಾದೀತು.

ಎಲ್ಲಕ್ಕಿಂತ ದೊಡ್ಡ ಅಪಾಯ ಹಳೆಯ ಅಭ್ಯಾಸದ್ದು. ಕೈಕಾಲು ಹಿಂದೆ ಕಲಿತದ್ದನ್ನು ಮರೆಯುವುದಿಲ್ಲ, ಗಾಬರಿಯಾದಾಗ ಅದನ್ನೇ ಮಾಡುತ್ತವೆ. ಹಳೇ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇತ್ತು. ಈಗ ಅದು ತಿರುಗುಮುರುಗು. ಆ ಬುಲೆಟ್ ಓಡಿಸಿದವರು ಗಡಿಬಿಡಿಯಲ್ಲಿ ಬ್ರೇಕ್ ಎಂದು ಗೇರ್ ತುಳಿಯುತ್ತಾರೆ. ಸ್ಪ್ಲೆಂಡರ್‌ನವರದು ಇನ್ನೊಂದು ತಾಪತ್ರಯ. ಅದರಲ್ಲಿ ಮುಂಗಾಲಿಂದ ಒತ್ತಿದರೆ ಗೇರ್ ಏರುತ್ತಿತ್ತು. ಮೀಟಿಯರ್‌ನಲ್ಲಿ ಮುಂಗಾಲಿಂದ ಒತ್ತಿದರೆ ಇಳಿಯುತ್ತದೆ, ಏರಿಸಲು ಹಿಮ್ಮಡಿಯಿಂದ ಒತ್ತಬೇಕು. 60ರ ವೇಗದಲ್ಲಿ ನಾಲ್ಕರಿಂದ ಐದಕ್ಕೆ ಹಾಕಲು ಹೋಗಿ ಮೂರಕ್ಕೆ ಬಿದ್ದರೆ ಎಂಜಿನ್ ಕಿರುಚಿ ಗಾಡಿ ಗಕ್ಕನೆ ಎಳೆದು ಹಿಡಿದಂತಾಗುತ್ತದೆ. ಒದ್ದೆ ರಸ್ತೆಯಾದರೆ ಹಿಂದಿನ ಚಕ್ರ ಜಾರುತ್ತದೆ.

ಬ್ರೇಕ್ ಕೂಡ ಬದಲಾಗಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ. ಮೀಟಿಯರ್‌ನಲ್ಲಿ ಎರಡೂ ಚಕ್ರಕ್ಕಿದೆ. ಅವೆಂಜರ್‌ನಲ್ಲಿ ಮುಂದಿನದಕ್ಕೆ ಮಾತ್ರ, ಹಿಂದಿನದು ಈಗಲೂ ಲಾಕ್ ಆಗುತ್ತದೆ. ಎಬಿಎಸ್ ಕೆಲಸ ಮಾಡುವಾಗ ಲಿವರ್, ಪೆಡಲ್ ಬೆರಳಿಗೆ, ಪಾದಕ್ಕೆ ಟರ್ರನೆ ಬಡಿದಂತೆ ಆಗುತ್ತದೆ. ಏನೋ ಕೆಟ್ಟಿತೆಂದು ಬಿಟ್ಟುಬಿಡುವವರೇ ಹೆಚ್ಚು. ಬಿಡಬಾರದು, ಒತ್ತಿ ಹಿಡಿದೇ ಇರಬೇಕು. ಡ್ರಮ್ ಬ್ರೇಕ್ ಕಾಲದ ‘ಹಿಡಿ, ಬಿಡು, ಹಿಡಿ’ ಪಾಠ ಇಲ್ಲಿ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ, ಅಷ್ಟೇ.

‘ಗಾಡಿ ಚಾಲೂ ಆಗ್ತಿಲ್ಲ’ ಎಂದು ಗ್ಯಾರೇಜಿಗೆ ಫೋನ್ ಮಾಡುವ ಮುಂಚೆ ಎರಡು ಕಡೆ ನೋಡಿ. ಬಲಗೈ ಹತ್ತಿರದ ಕಿಲ್ ಸ್ವಿಚ್, ಅಂದರೆ ಎಂಜಿನ್ ನಿಲ್ಲಿಸುವ ಸ್ವಿಚ್, ಯಾರೋ ಆಫ್ ಮಾಡಿರಬಹುದು. ಇಲ್ಲವೇ ಸೈಡ್ ಸ್ಟ್ಯಾಂಡ್ ಕೆಳಗಿರಬಹುದು. ಅದು ಕೆಳಗಿದ್ದಾಗ ಗೇರ್ ಹಾಕಿದರೆ ಎಂಜಿನ್ ತಾನೇ ನಿಲ್ಲುತ್ತದೆ. ಮೀಟಿಯರ್‌ಗೆ ಕಿಕ್ಕರ್ ಇಲ್ಲ, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಿ ಬ್ಯಾಟರಿ ಇಳಿಸಿಕೊಂಡರೆ ಒದ್ದು ಚಾಲೂ ಮಾಡುವ ದಾರಿಯೂ ಇಲ್ಲ. ಪೆಟ್ರೋಲ್ ಕಾಕ್ ಇಲ್ಲ, ‘ರಿಸರ್ವ್‌ಗೆ ತಿರುಗಿಸು’ ಅನ್ನುವುದೂ ಇಲ್ಲ. ಟ್ಯಾಂಕಿನೊಳಗಿನ ಪಂಪ್ ತಂಪಾಗಿರುವುದು ಪೆಟ್ರೋಲಿನಿಂದಲೇ; ಪದೇ ಪದೇ ಖಾಲಿ ಓಡಿಸಿದರೆ ಪಂಪ್ ಸುಡುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರು ಬಣ್ಣಕ್ಕೆ ಮರುಳಾಗದೆ ಟೈರಿನ ಬದಿಯ ನಾಲ್ಕು ಅಂಕಿ ಓದಿ: 1419 ಎಂದಿದ್ದರೆ 2019ರ 14ನೇ ವಾರದ್ದು. ಹಲ್ಲು ಚೆನ್ನಾಗಿದ್ದರೂ ಐದಾರು ವರ್ಷದ ರಬ್ಬರ್ ಗಟ್ಟಿಯಾಗಿ, ಮಳೆಯಲ್ಲಿ ಹಿಡಿತ ಬಿಡುತ್ತದೆ. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಗಂಟು ಬಿದ್ದಂತೆ ಕಚ್ಚಿದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಸೋರುತ್ತಿದೆ. ಸ್ಪೋಕ್ ಚಕ್ರವಾದರೆ ಹೆಚ್ಚಾಗಿ ಒಳಗೆ ಟ್ಯೂಬ್ ಇರುತ್ತದೆ. ರಾತ್ರಿ ಅಣ್ಣಿಗೇರಿ ದಾಟಿ ಪಂಕ್ಚರ್ ಆದಾಗ ಟ್ಯೂಬ್‌ಲೆಸ್‌ನ ಬೆಲೆ ತಿಳಿಯುತ್ತದೆ.

ಗಾಡಿ ಬಂದ ಮೊದಲ ಎರಡು ಭಾನುವಾರ ಹೈವೇ ಬೇಡ. ಊರ ಹೊರಗೆ ಮನೆ ಏಳದ ಬಡಾವಣೆಗಳಿಗೇನೂ ಬರವಿಲ್ಲ, ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಅಲ್ಲಿ ಹೋಗಿ. ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ ನಿಧಾನ ಬಿಡುತ್ತ, ಲಿವರ್ ಎಲ್ಲಿಗೆ ಬಂದಾಗ ಗಾಡಿ ಸರಿಯುತ್ತದೆ ಎಂದು ಇಪ್ಪತ್ತು ಸಲ ಹುಡುಕಿ. ಆಮೇಲೆ ಅರ್ಧ ಕ್ಲಚ್, ಹಿಂದಿನ ಬ್ರೇಕ್ ಎರಡನ್ನೇ ಬಳಸಿ ಯು–ಟರ್ನ್. ಮುಂದಿನ ಬ್ರೇಕ್ ಮೇಲೆ ಬೆರಳು ಬೇಡ, ಕಣ್ಣು ಹೋಗಬೇಕಾದ ಕಡೆಗೆ. ಕೊನೆಗೆ 30ರಿಂದ, ಕೈ ಕುದುರಿದ ಮೇಲೆ 40ರಿಂದ, ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದು, ಹತ್ತತ್ತು ಸಲ. 60ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡದ್ದು ಕೈಗೆ ತಲುಪಲು ಒಂದು ಸೆಕೆಂಡು ಹಿಡಿದರೆ, ಬ್ರೇಕ್ ಮುಟ್ಟುವ ಮೊದಲೇ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು ದೂರ ಹೋಗಿರುತ್ತದೆ.

ನವಲಗುಂದ, ಗದಗ ರಸ್ತೆಯಲ್ಲಿ ಮಳೆಗಾಲಕ್ಕೆ ಇನ್ನೊಂದು ಎಚ್ಚರ ಬೇಕು. ಹೊಲದಿಂದ ಬರುವ ಟ್ರ್ಯಾಕ್ಟರ್ ಚಕ್ರ ಎರೆಮಣ್ಣಿನ ರಾಡಿಯನ್ನು ಡಾಂಬರಿನ ಮೇಲೆ ಹಾಸಿಹೋಗುತ್ತದೆ. ಅದರ ಮೇಲೆ ಎಬಿಎಸ್ ಇದ್ದರೂ ಹಿಡಿತ ಅಷ್ಟಕ್ಕಷ್ಟೇ. ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿ, ರಾಡಿಯ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ದಾಟಬೇಕು. ಧಾರವಾಡದ ಇಳಿಜಾರಿನಲ್ಲಿ ನಿಲ್ಲಿಸುವಾಗ ಗಾಡಿಯ ಮೂತಿ ಏರಿನ ಕಡೆಗಿರಲಿ, ಮೊದಲ ಗೇರಿನಲ್ಲಿರಲಿ. ಮೂತಿ ಇಳಿಜಾರಿಗೆ ಹಾಕಿ ಗೋಡೆಗೆ ತಾಗಿಸಿದರೆ 191 ಕೆ.ಜಿ.ಯನ್ನು ಏರಿಗೆ ಹಿಂದಕ್ಕೆ ಎಳೆಯುವುದು ಒಬ್ಬರ ಕೆಲಸವಲ್ಲ.

ದರದ ವಿಷಯದಲ್ಲಿ 350 ಸಿಸಿ ಒಂದು ಗಡಿ. 2025ರ ಸೆಪ್ಟೆಂಬರ್ 22ರಿಂದ ಅಲ್ಲಿಯವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದು ಮೀರಿದರೆ ಶೇ 40. ಲೈಸೆನ್ಸ್ ತೆಗೆದು ತಾರೀಖನ್ನೂ ನೋಡಿಕೊಳ್ಳಿ: ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ನವೀಕರಣಕ್ಕೆ ಮತ್ತೆ ಪರೀಕ್ಷೆ ಕೊಡಬೇಕು.

ನಮ್ಮ ಭಾಗದ ಬೈಕ್ ಮಾರಾಟಗಾರರಲ್ಲಿ ಒಂದು ವಿನಂತಿ. ಷೋರೂಮ್ ಮುಂದಿನ ನೇರ ರಸ್ತೆಯಲ್ಲಿ ಅರ್ಧ ಕಿ.ಮೀ. ಹೋಗಿಬರುವುದು ಟೆಸ್ಟ್ ರೈಡ್ ಅಲ್ಲ. ಒಂದು ಯು–ಟರ್ನ್, ಒಂದು ಏರು, ಎರಡು ಹಂಪ್ ಇರುವ ನಾಲ್ಕೈದು ಕಿ.ಮೀ. ದಾರಿ ಗೊತ್ತುಮಾಡಿ, ಜೊತೆಗೆ ಬಂದ ಮನೆಯವರನ್ನೂ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಲು ಬಿಡಿ. ಇಬ್ಬರಿಗೂ ಹೆಲ್ಮೆಟ್ ನೀವೇ ಕೊಡಿ.

– ಒಬ್ಬ ಮೆಕ್ಯಾನಿಕ್, ಹಳೇ ಹುಬ್ಬಳ್ಳಿ