ನೀರಿನ ಯೋಜನೆಯಲ್ಲಿ ಕೊಂಡಿಗಳನ್ನೂ ಎಣಿಸಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ ಡಿಪಿಆರ್‌ನಲ್ಲಿ (ವಿವರವಾದ ಯೋಜನಾ ವರದಿ) ಪೈಪಿನ ಉದ್ದ, ಮೋಟಾರಿನ ಎಚ್‌ಪಿ, ಟ್ಯಾಂಕಿನ ಅಳತೆ ಎಲ್ಲ ಸಿಗುತ್ತದೆ. ಯಾವುದು ಕೆಟ್ಟರೆ ಯಾವುದು ನಿಲ್ಲುತ್ತದೆ ಎಂಬ ಲೆಕ್ಕ ಮಾತ್ರ ಸಾಮಾನ್ಯವಾಗಿ ಕಾಣದು. ಭಾಗಗಳು 10 ಇದ್ದರೆ ಎರಡೆರಡರ ನಡುವೆ 45 ಕೊಂಡಿಗಳು, ಅಂದರೆ ಅವಲಂಬನೆಗಳು, ಸಾಧ್ಯ. 20 ಆದರೆ 190. ಒಂದನ್ನೊಂದು ನೆಚ್ಚಿದ 20 ಭಾಗಗಳು ತಲಾ ಶೇ 99ರಷ್ಟು ನಂಬಿಕಸ್ಥವಾದರೂ ಇಡೀ ವ್ಯವಸ್ಥೆಯ ನಂಬಿಕೆ ಶೇ 82ಕ್ಕೆ ಇಳಿಯುತ್ತದೆ.

ಇದನ್ನು ಅಳೆಯಲು ದುಬಾರಿ ಸಾಫ್ಟ್‌ವೇರ್ ಬೇಡ. ಅಮೆರಿಕದ ಸಂಶೋಧಕ ಡೊನಾಲ್ಡ್ ಸ್ಟೀವರ್ಡ್ 1981ರಲ್ಲೇ ವಿವರಿಸಿದ ಚೌಕದ ಕೋಷ್ಟಕ ಸಾಕು. ಜಾಕ್‌ವೆಲ್ (ಹೊಳೆಯ ನೀರೆತ್ತುವ ಬಾವಿ), ಪಂಪ್, ಅದರ ವಿದ್ಯುತ್ ಪ್ಯಾನೆಲ್, ಶುದ್ಧೀಕರಣ ಘಟಕ, ಏರುಕೊಳವೆ, ಟ್ಯಾಂಕ್, ಸೆನ್ಸರ್ ಹೀಗೆ ನೀರು ಸಾಗುವ ಕ್ರಮದಲ್ಲೇ ಅಡ್ಡಸಾಲಿಗೂ ಕಂಬಸಾಲಿಗೂ ಹೆಸರು ಬರೆಯಿರಿ. ಅಡ್ಡಸಾಲಿನ ಭಾಗಕ್ಕೆ ಕಂಬಸಾಲಿನದು ಬೇಕಿದ್ದರೆ ಗುರುತು ಹಾಕಿ. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಎಳೆದ ಕರ್ಣರೇಖೆಗಿಂತ ಮೇಲ್ಭಾಗದಲ್ಲಿ ಬಿದ್ದ ಗುರುತುಗಳೇ ತಲೆನೋವು: ಮೊದಲಿನ ಭಾಗ ನಂತರದ್ದನ್ನು ಕಾಯುತ್ತಿದೆ ಎಂದರ್ಥ.

ಗುಡ್ಡದ ಟ್ಯಾಂಕಿನ ಸೆನ್ಸರ್ ಸಿಮ್ ಮೂಲಕ ಸುದ್ದಿ ಕೊಟ್ಟರಷ್ಟೇ ಪಂಪ್ ಓಡುವ ವ್ಯವಸ್ಥೆಯನ್ನೇ ನೋಡಿ. ಆಗುಂಬೆ ಸೀಮೆಯ ಮಳೆಗೆ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ, ಕರೆಂಟ್ ಬಂದ ಮೇಲೂ ಪಂಪ್ ಸುಮ್ಮನಿರುತ್ತದೆ. ಬದಲಿಗೆ ಟ್ಯಾಂಕಿನ ಬಾಯಿಗೆ ತುಂಬಿದಾಗ ತಾನೇ ಮುಚ್ಚುವ ಫ್ಲೋಟ್ ವಾಲ್ವ್, ಪಂಪಿನ ಬಳಿ ಒತ್ತಡ ಏರಿದಾಗ ಮೋಟಾರ್ ನಿಲ್ಲಿಸಿ ಇಳಿದಾಗ ಎಬ್ಬಿಸುವ ಪ್ರೆಶರ್ ಸ್ವಿಚ್ ಹಾಕಿದರೆ ಟವರ್, ಸಿಮ್, ಸೆನ್ಸರ್ ಮೂರೂ ಕೋಷ್ಟಕದಿಂದ ಹೋಗುತ್ತವೆ. ವಾಲ್ವ್ ಮಾತ್ರ ನಿಧಾನಕ್ಕೆ ಮುಚ್ಚುವಂಥದ್ದಿರಬೇಕು, ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ಪೈಪು ಸೀಳೀತು. ಲೈನಿನಲ್ಲಿ ಸೋರಿಕೆಯಿದ್ದರೆ ಒತ್ತಡ ಇಳಿದಿಳಿದು ಮೋಟಾರ್ ಪದೇಪದೇ ಎದ್ದು ಸುಟ್ಟುಹೋಗುತ್ತದೆ. ಅದಕ್ಕೆ, ಮೋಟಾರ್ ಮತ್ತೆ ಏಳುವುದನ್ನು ತಡಮಾಡುವ ಟೈಮರ್ ಬೇಕು.

ಇಳಿಜಾರಿನಲ್ಲೂ ಇದೇ ಲೆಕ್ಕ. 10 ಮೀಟರ್ ಇಳಿತಕ್ಕೆ ಚದರ ಸೆಂ.ಮೀ.ಗೆ ಸುಮಾರು 1 ಕೆಜಿ ಒತ್ತಡ. 100 ಮೀಟರ್ ಇಳಿದ ನೀರನ್ನು ತುದಿಯಲ್ಲಿ ಗೇಟ್ ವಾಲ್ವ್ ತಿರುಗಿಸಿ ನಿಲ್ಲಿಸಿದರೆ 6 ಕೆಜಿ ಒತ್ತಡಕ್ಕೆ ಮಾಡಿದ ಪೈಪು ತಾಳದು. 50 ಮೀಟರಿಗೊಂದು ಒತ್ತಡ ತಗ್ಗಿಸುವ ತೊಟ್ಟಿ ಕಟ್ಟಿದರೆ ಕೆಳಗಿನ ವಾಲ್ವಿಗೂ ಮೇಲಿನ ಪೈಪಿಗೂ ಇರುವ ಕೊಂಡಿ ಕಳಚುತ್ತದೆ. ತೊಟ್ಟಿಗೆ ಹೆಚ್ಚುವರಿ ನೀರು ಹರಿದುಹೋಗುವ ದಾರಿ ಇರಲೇಬೇಕು.

ಇನ್ನು ಸ್ಟ್ಯಾಂಡ್‌ಬೈ ಪಂಪ್. ಎರಡೂ ಒಂದೇ ಪ್ಯಾನೆಲ್‌ಗೆ ಸೇರಿದ್ದರೆ ಒಂದೇ ಸಿಡಿಲಿಗೆ ಎರಡೂ ನಿಲ್ಲುತ್ತವೆ. ಅದು ಖರ್ಚೇ ಹೊರತು ರಕ್ಷಣೆಯಲ್ಲ.

ಟೆಂಡರಿಗೆ ಮೊದಲೇ ಈ ಕೋಷ್ಟಕವನ್ನು ಡಿಪಿಆರ್‌ನ ಕಡ್ಡಾಯ ಭಾಗವಾಗಿಸಿ, ಪ್ರತಿ ಗುರುತಿನ ಎದುರು ಆ ಕೊಂಡಿ ಕೈಕೊಟ್ಟ ದಿನ ನೀರುಗಂಟಿ ಕೈಯಿಂದಲೇ ಏನು ಮಾಡಬೇಕೆಂದು ಒಂದು ಸಾಲು ಬರೆಸಬೇಕೆಂದು ಜಿಲ್ಲಾ ಪಂಚಾಯಿತಿಯನ್ನು ಕೋರುತ್ತೇವೆ.

– ನೀರು ಸರಬರಾಜು ವಿನ್ಯಾಸದಲ್ಲಿ ತೊಡಗಿರುವ ಎಂಜಿನಿಯರುಗಳು, ಶಿವಮೊಗ್ಗ