ಒಂಬತ್ತನೇ ತರಗತಿ ಪಾಲಕರೇ, ಭಾನುವಾರ ತಪ್ಪದೆ ಬನ್ನಿ

ಎಲ್ಲರಿಗೂ ನಮಸ್ಕಾರ. ಬೀದರಿನ ಆಕಾಶದಲ್ಲಿ ವಾಯುಪಡೆಯ ಕಸರತ್ತು ತಂಡವಾದ ಸೂರ್ಯಕಿರಣದ ವಿಮಾನಗಳನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆದಿದ್ದಾರೆ, ಅಲ್ವಾ? ಆಕಾಶ, ಬಾಹ್ಯಾಕಾಶದ ಬಗ್ಗೆ ಅವರಿಗಿರುವ ಆಸೆಗೆ ಒಂದು ದಾರಿ ಇದೆ. 2019ರಲ್ಲಿ ಶುರುವಾದ ಇಸ್ರೋದ ‘ಯುವಿಕಾ’ (ಯುವ ವಿಜ್ಞಾನಿ ಕಾರ್ಯಕ್ರಮ) ಒಂಬತ್ತನೇ ತರಗತಿಯವರಿಗೆ ಮಾತ್ರ. ಬೇಸಿಗೆಯಲ್ಲಿ ಸುಮಾರು ಎರಡು ವಾರ ಇಸ್ರೋ ಕೇಂದ್ರದಲ್ಲೇ ಕಲಿಕೆ. ಪ್ರಯಾಣ, ಊಟ, ವಸತಿ ಖರ್ಚು ಇಸ್ರೋದ್ದೇ. ಆಯ್ಕೆಯಲ್ಲಿ ಎಂಟನೇ ತರಗತಿಯ ಅಂಕಗಳಿಗೆ ಜಾಸ್ತಿ ತೂಕ. ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕವೂ ಸಿಗುತ್ತದೆ. ಹಾಗಾಗಿ ‘ನಮಗೆಲ್ಲಿ ಸಿಗುತ್ತೆ’ ಅಂತ ಸುಮ್ನೆ ಬಿಡಬೇಡಿ.

ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ಓಣಿಯ ಗ್ರಂಥಾಲಯದಲ್ಲಿ ಸೇರೋಣ, ಅರ್ಜಿಯ ತಯಾರಿ ಮಾಡೋಣ. ಅಂಕಪಟ್ಟಿ, ವಿಜ್ಞಾನ ಮೇಳ ಮತ್ತು ಆಟೋಟದ ಸರ್ಟಿಫಿಕೇಟ್ ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ‘ಬರ್ತೀವಿ’ ಅಂತ ಹಾಕಿ. ಹೆಣ್ಣುಮಕ್ಕಳನ್ನೂ ಕರೆತನ್ನಿ ರೀ.